ಹಳೇ ವಿಮಾನದ ತುಕ್ಕು: ತೊಳೆಯುವುದೋ, ಬಳಿಯುವುದೋ, ಕತ್ತರಿಸಿ ತೆಗೆಯುವುದೋ?

ಹೋದ ವಾರ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಅವನು ಒಂದು ಹ್ಯಾಂಗರಿನಲ್ಲಿ, ಅಂದರೆ ವಿಮಾನ ರಿಪೇರಿಯ ಶೆಡ್ಡಿನಲ್ಲಿ, ಟ್ರೈನಿ. ಇಪ್ಪತ್ತು ವರ್ಷ ಹಾರಿದ ವಿಮಾನವೊಂದು ದೊಡ್ಡ ತಪಾಸಣೆಗೆ, ಅಂದರೆ ಸಿ ಚೆಕ್‌ಗೆ ಬಂದಿದೆ. ಹಿಂದಿನ ಗ್ಯಾಲಿಯನ್ನು, ಅಂದರೆ ಕಾಫಿ ಟೀ ಬೆರೆಸುವ ಆ ಪುಟ್ಟ ಅಡುಗೆಮನೆಯನ್ನು ಕಳಚಿ, ನೆಲದ ಹಲಗೆ ಎತ್ತಿದ್ದಾರೆ. ಕೆಳಗಿನ ಬೀಮಿನ ಮೇಲೆ ಬೂದುಬಿಳಿ ಪುಡಿ. ಯಾರೋ ರಂಗೋಲಿ ಪುಡಿ ಚೆಲ್ಲಿ ಹೋದ ಹಾಗೆ. ಫೋಟೊದ ಕೆಳಗೆ ಒಂದೇ ಸಾಲು: "ಮಾವ, ಇದನ್ನು ಉಜ್ಜಿ ಎಣ್ಣೆ ಹೊಡೆದರೆ ಸಾಕಾ, ಬೀಮೇ ಬದಲಿಸಬೇಕಾ?"

ನಾನು ಮಲ್ಪೆಯ ಮನೆಯ ಜಗಲಿಯಲ್ಲಿ ಕೂತಿದ್ದೆ. ಎದುರಿಗೆ ಸಮುದ್ರದ ಕಡೆಯ ಕಿಟಕಿ. ಅದರ ಗ್ರಿಲ್ಲಿಗೆ ಮೂರು ವರ್ಷದಲ್ಲಿ ಎರಡು ಸಲ ಪೇಂಟ್ ಹೊಡೆಸಿದ್ದೇನೆ, ಮತ್ತೆ ಹೊಪ್ಪಳೆ ಏಳುತ್ತಿದೆ. ವಿಮಾನದ ಮೈ ಸರಿ ಮಾಡಿಕೊಂಡೇ ಸಂಬಳ ತಗೊಂಡವನ ಮನೆಯ ಗತಿ ಇದು. ಅವನಿಗೆ ಒಂದು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಉದ್ದಕ್ಕೆ ಬರೆದೆ. ಏಎಂಇ, ಅಂದರೆ ವಿಮಾನ ರಿಪೇರಿಯ ಎಂಜಿನಿಯರಿಂಗ್, ಓದುತ್ತಿರುವ ಬೇರೆ ಹುಡುಗರಿಗೂ, ಬಜ್ಪೆಯಿಂದ ಹಾರುವಾಗ ಕಿಟಕಿಯಿಂದ ರೆಕ್ಕೆಯ ರಿವೆಟ್ ಎಣಿಸುವವರಿಗೂ ಉಪಯೋಗಕ್ಕೆ ಬರಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಒಂದು ಮಾತು ಮೊದಲೇ. ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು. ಅಲ್ಯೂಮಿನಿಯಮಿಗೆ ಹಿಡಿಯುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿಲ್ಲ. ಹ್ಯಾಂಗರಿನಲ್ಲಿ ಎಲ್ಲರೂ ಕರೋಷನ್ ಅನ್ನುತ್ತಾರೆ. ನಾನು ಸುಮ್ನೆ ತುಕ್ಕು ಅಂತಲೇ ಬರೆಯುತ್ತೇನೆ. ಆದರೆ ಇದು ಕೆಂಪಗಿರುವುದಿಲ್ಲ. ಬಿಳಿ ಪುಡಿ, ಸೂಜಿ ಚುಚ್ಚಿದಂಥ ಕುಳಿ, ಪೇಂಟಿನ ಅಡಿಯಲ್ಲಿ ಹುಳ ಹರಿದಂಥ ಗೆರೆ, ಹೀಗೆ ಕಾಣಿಸುತ್ತದೆ. ಇನ್ನೊಂದು ಜಾತಿ ಇದೆ, ಲೋಹವೇ ಪದರ ಪದರವಾಗಿ ಉಬ್ಬುವುದು. ಪತ್ರೊಡೆ ಕತ್ತರಿಸಿದಾಗ ಎಲೆಯ ಸುತ್ತುಗಳು ಬಿಡಿಸಿಕೊಂಡು ಕಾಣುತ್ತವಲ್ಲ, ಹಾಗೆ. ಅದನ್ನು ಕಂಡರೆ ಕೈಯಲ್ಲಿದ್ದ ಟೀ ಕೆಳಗಿಡಬೇಕು.

ವಯಸ್ಸು ವರ್ಷದಲ್ಲಿ ಮಾತ್ರ ಇಲ್ಲ

1988ರ ಏಪ್ರಿಲ್ 28. ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737, ಸುಮಾರು 24,000 ಅಡಿ ಎತ್ತರದಲ್ಲಿ. ಮುಂಭಾಗದ ಚಾವಣಿ ಹದಿನೆಂಟು ಅಡಿಯಷ್ಟು ಉದ್ದಕ್ಕೆ ಕಿತ್ತು ಹೋಯಿತು. ಒಬ್ಬ ಗಗನಸಖಿ ಗಾಳಿಗೆ ಹಾರಿಹೋದರು. ಉಳಿದ 94 ಜನರನ್ನು ಪೈಲಟ್‌ಗಳು ಮಾಯಿ ದ್ವೀಪದಲ್ಲಿ ಇಳಿಸಿದರು. ವಿಮಾನಕ್ಕೆ 19 ವರ್ಷ. ಅದೇನು ದೊಡ್ಡ ವಯಸ್ಸಲ್ಲ. ಆದರೆ ಹಾರಾಟದ ಲೆಕ್ಕ 89,680. ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಓಡಾಟ, ಪ್ರತಿ ಸಲ ಒತ್ತಡ ತುಂಬುವುದು, ಇಳಿಸುವುದು, ಸುತ್ತ ಉಪ್ಪುಗಾಳಿ. ಮೈಯ ಎರಡು ತಗಡು ಒಂದರ ಮೇಲೊಂದು ಕೂತು ಅಂಟಿದ್ದ ಜಾಗದಲ್ಲಿ ಅಂಟು ಬಿಟ್ಟಿತ್ತು. ಸಂದಿಗೆ ತೇವ ಹೋಯಿತು, ತುಕ್ಕು ಹಿಡಿಯಿತು. ಅಂಟು ಹೊರಬೇಕಾದ ಭಾರವೆಲ್ಲ ರಿವೆಟ್ ತೂತುಗಳ ಮೇಲೆ ಬಿತ್ತು. ಅಲ್ಲಿ ಸಣ್ಣ ಸಣ್ಣ ಬಿರುಕು ಎದ್ದು, ಒಂದಕ್ಕೊಂದು ಕೂಡಿಕೊಂಡವು.

ಅದಕ್ಕೂ ಮೊದಲು, 1981ರ ಆಗಸ್ಟಿನಲ್ಲಿ, ತೈವಾನಿನಲ್ಲಿ ಒಂದು 737 ಆಕಾಶದಲ್ಲೇ ಒಡೆದು 110 ಜನ ಸತ್ತಿದ್ದರು. ಅದರ ಹೊಟ್ಟೆಯ ಭಾಗ ತುಕ್ಕು ತಿಂದಿತ್ತು.

ಅಲೋಹಾ ಆದ ಮೇಲೆ, 1990ರ ಹೊತ್ತಿಗೆ, ಅಮೆರಿಕ ಹಳೇ ವಿಮಾನಗಳಿಗೆ ಸಿಪಿಸಿಪಿ ಎಂಬ ತುಕ್ಕು ತಡೆಯ ಕಾರ್ಯಕ್ರಮವನ್ನು ಕಡ್ಡಾಯ ಮಾಡಿತು. ಅದರಲ್ಲಿ ತುಕ್ಕಿಗೆ ಮೂರು ಮಟ್ಟ. ಒಂದನೆಯದು, ಉಜ್ಜಿ ತೆಗೆದರೂ ಲೋಹ ಮಿತಿಯೊಳಗೆ ಉಳಿಯುವಂಥದ್ದು. ಎರಡನೆಯದು, ಮಿತಿ ದಾಟಿದ್ದು. ತೇಪೆ ಅಥವಾ ಬದಲಿ ಬೇಕು. ಮೂರನೆಯದು, ಈ ವಿಮಾನವೊಂದೇ ಅಲ್ಲ, ಇದರ ಜೊತೆಯವನ್ನೆಲ್ಲ ಕೂಡಲೇ ನೋಡಬೇಕು ಅನ್ನುವಂಥದ್ದು. ಎಲ್ಲ ಖರ್ಚೂ ಎಲ್ಲ ಕೆಲಸವೂ ಒಂದನೇ ಮಟ್ಟದಲ್ಲೇ ನಿಲ್ಲಿಸಲಿಕ್ಕೆ. ಕೆಳಗಿನ ಯಾವ ಆಯ್ಕೆ ಮಾಡಿದರೂ ಈ ಅಳತೆ ತಲೆಯಲ್ಲಿರಲಿ.

ಹೊರಗೆ ತೊಳೆಯುವುದಾ, ಒಳಗೆ ಒಣಗಿಸುವುದಾ

ದುಡ್ಡು ಕಡಿಮೆ ಇದ್ದಾಗ ಎಲ್ಲರೂ ಮೊದಲು ಹಿಡಿಯುವುದು ಪೈಪು. ತಪ್ಪಲ್ಲ. ನನ್ನ ಗ್ರಿಲ್ಲಿನ ಮೇಲೆ ಸಜ್ಜೆ ಇದೆ. ಮಳೆ ತಾಗುವುದಿಲ್ಲ, ಉಪ್ಪುಗಾಳಿ ಮಾತ್ರ ತಾಗುತ್ತದೆ. ಅದೇ ಕಡೆಗೆ ಮುಖ ಮಾಡಿದ ಗೇಟು ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ನೆನೆಯುತ್ತದೆ. ಗೇಟು ಇನ್ನೂ ಗಟ್ಟಿಯಾಗಿದೆ, ಗ್ರಿಲ್ಲು ಹೋಗಿದೆ. ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ, ಸಜ್ಜೆ ಅದನ್ನು ಜೋಪಾನ ಮಾಡುತ್ತದೆ. ವಿಮಾನದಲ್ಲೂ ಹೀಗೇ. ಮೇಲ್ಮೈಗೆ ಹೇಗೋ ನೀರು ಬೀಳುತ್ತದೆ. ಚಕ್ರದ ಗೂಡು, ಫ್ಲಾಪಿನ ಅಡಿ, ರೆಕ್ಕೆಯ ಹಿಂದಿನ ಸಂದಿ, ಇಲ್ಲಿ ಉಪ್ಪು ಕೂತೇ ಇರುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಭರಣಿಯಲ್ಲಿ ಉಪ್ಪು ನೀರೊಡೆಯುವುದನ್ನು ನೋಡಿದ್ದೀರಲ್ಲ? ಗಾಳಿಯ ತೇವ ಮುಕ್ಕಾಲು ಪಾಲು, ಅಂದರೆ 75 ಶೇಕಡಾ ದಾಟಿದರೆ ಉಪ್ಪು ತಾನೇ ನೀರೆಳೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳ ರಾತ್ರಿ ಆ ಗಡಿ ದಾಟದೆ ಇರುವುದೇ ಅಪರೂಪ. ಹಾಗಾಗಿ ತೊಳೆಯುವುದಾದರೆ ಹೊಳೆಯುವ ಜಾಗ ಬಿಟ್ಟು ಹೊಳೆಯದ ಜಾಗ ತೊಳೆಯಿರಿ. ಸೋಪು ವಿಮಾನಕ್ಕೆಂದೇ ಒಪ್ಪಿಗೆ ಪಡೆದದ್ದೇ ಆಗಬೇಕು. ಪ್ರೆಶರ್ ಪೈಪನ್ನು ಬೇರಿಂಗು, ಸೀಲುಗಳ ಮೇಲೆ ಹಿಡಿಯಬಾರದು, ಒಳಗಿನ ಗ್ರೀಸ್ ಹೋಗಿ ನೀರು ಕೂರುತ್ತದೆ.

ತೊಳೆಯುವುದು ಅಗ್ಗ, ಆದರೆ ಸಸಾರ ಅಲ್ಲ. 1996ರ ಅಕ್ಟೋಬರ್ 2ರಂದು ಲಿಮಾದಿಂದ ಹೊರಟ ಏರೋಪೆರು 757 ಸಮುದ್ರಕ್ಕೆ ಬಿತ್ತು, 70 ಜನರೂ ಹೋದರು. ತೊಳೆದು ಪಾಲಿಶ್ ಮಾಡುವಾಗ ಗಾಳಿಯ ಒತ್ತಡ ಅಳೆಯುವ ತೂತುಗಳಿಗೆ ಅಂಟಿಸಿದ್ದ ಟೇಪು ತೆಗೆಯಲು ಮರೆತಿದ್ದರು. ಪೈಲಟ್‌ಗೆ ಎತ್ತರವೂ ಸರಿ ಗೊತ್ತಾಗಲಿಲ್ಲ, ವೇಗವೂ ಗೊತ್ತಾಗಲಿಲ್ಲ.

ನನ್ನ ಮಟ್ಟಿಗೆ ನಿಜವಾದ ಯುದ್ಧ ಒಳಗೆ. ಮೇಲೆ ಹೊರಗಿನ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಒಳಗೆ ನೂರೆಂಬತ್ತು ಜನ ಉಸಿರಾಡುತ್ತಿದ್ದಾರೆ. ಆ ಉಸಿರು ತಗಡಿನ ಒಳಮೈಗೆ ತಾಗಿ ಹಿಮವಾಗುತ್ತದೆ, ಇಳಿಯುವಾಗ ಕರಗುತ್ತದೆ. ಗೋಡೆಯೊಳಗಿನ ಶಾಖ ತಡೆಯುವ ಹೊದಿಕೆ ಆ ನೀರನ್ನು ಹೀರಿಕೊಂಡು ಹಸಿ ಕಂಬಳಿಯಂತೆ ಲೋಹಕ್ಕೆ ಅಂಟಿ ಕೂರುತ್ತದೆ. ಹೀರಿದ್ದು ಬಿಟ್ಟು ಉಳಿದದ್ದು ಇಳಿದು ಹೊಟ್ಟೆಯ ತಳಕ್ಕೆ ಬರುತ್ತದೆ. ಅದಕ್ಕೆ ಗ್ಯಾಲಿಯ ಕಾಫಿ, ಟಾಯ್ಲೆಟಿನ ಸೋರಿಕೆ, ಕಾರ್ಗೋದ ಮೀನುಪೆಟ್ಟಿಗೆಯ ಉಪ್ಪುನೀರು ಸೇರಿತು ಅನ್ನಿ, ಮುಗಿಯಿತು. ಗಲ್ಫಿಗೆ ಓಡಾಡುವ ಒಂದು ವಿಮಾನದ ಕಾರ್ಗೋ ಹಲಗೆ ಎತ್ತಿದಾಗ ನನಗೆ ಮೊದಲು ಬಂದದ್ದು ಮಿಡಿ ಮಾವಿನಕಾಯಿ ವಾಸನೆ. ಯಾರದೋ ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಉಪ್ಪಿನಕಾಯಿ ಬಾಟಲಿ ದಾರಿಯಲ್ಲಿ ಒಡೆದಿತ್ತು. ಪಾಪ, ಅಮ್ಮನಿಗೇನು ಗೊತ್ತು.

ತಳದಲ್ಲಿ ನೀರು ಹೋಗಲು ಡ್ರೇನ್ ತೂತುಗಳಿವೆ. ಕೆಲವಕ್ಕೆ ವಾಲ್ವ್ ಇದೆ. ಹಾರುವಾಗ ಒಳಗಿನ ಒತ್ತಡಕ್ಕೆ ಮುಚ್ಚುತ್ತದೆ, ನೆಲದ ಮೇಲೆ ತೆರೆಯುತ್ತದೆ. ಇದರಲ್ಲಿ ಒಂದು ಗೇರುಬೀಜದ ಚೂರು ಸಿಕ್ಕಿಕೊಂಡರೂ ಸಾಕು, ಹಿಂದಿನದ್ದೆಲ್ಲ ಕೆರೆ. ಟಾರ್ಚು, ಬಟ್ಟೆ, ಒಂದು ಪ್ಲಾಸ್ಟಿಕ್ ಕಡ್ಡಿ, ಇದಕ್ಕೆ ಬೇಕಾದ ಸಾಮಾನು ಇಷ್ಟೇ. ಹೊರಗೆ ತೊಳೆಯಲು ಒಂದು ದಿನ, ಒಳಗಿನ ಡ್ರೇನ್ ನೋಡಲು ಒಂದು ದಿನ, ಎರಡರಲ್ಲಿ ಒಂದೇ ಸಿಗುತ್ತದೆ ಅಂದರೆ ನಾನು ಕಣ್ಣುಮುಚ್ಚಿ ಎರಡನೆಯದನ್ನು ಹಿಡಿಯುತ್ತೇನೆ.

ಎಣ್ಣೆ: ತೆಳ್ಳಗಿನದ್ದು, ದಪ್ಪದ್ದು

ಎಣ್ಣೆ ಅಂತ ನಾವು ಕರೆಯುವುದು ಸಿಐಸಿ, ತುಕ್ಕು ತಡೆಯುವ ಸ್ಪ್ರೇ. ಇದರಲ್ಲಿ ಎರಡು ಬಗೆ. ತೆಳ್ಳಗಿನದ್ದು ರಿವೆಟ್ ಸಂದಿಗೆ, ತಗಡಿನ ನಡುವಿಗೆ ಹರಿದು ಹೋಗುತ್ತದೆ, ಅಲ್ಲಿರುವ ನೀರನ್ನು ತಳ್ಳುತ್ತದೆ. ಬೇಗ ಸವೆಯುತ್ತದೆ. ದಪ್ಪದ್ದು ಮೇಣದ ಹಾಗೆ ಮೇಲೆ ಕೂರುತ್ತದೆ, ತುಂಬ ದಿನ ಬಾಳುತ್ತದೆ, ಆದರೆ ಸಂದಿಯೊಳಕ್ಕೆ ಹೋಗುವುದಿಲ್ಲ. ಮೇಲಿನ ಗೋಡೆಯ ಒಳಮೈಗೆ ತೆಳ್ಳಗಿನದ್ದು ಸಾಕು. ಹೊಟ್ಟೆಯ ತಳ, ಟಾಯ್ಲೆಟ್ ಅಡಿ, ಚಕ್ರದ ಗೂಡು, ಇಲ್ಲಿ ಮೊದಲು ತೆಳ್ಳಗಿನದ್ದು, ಅದು ಒಣಗಿದ ಮೇಲೆ ದಪ್ಪದ್ದು. ಒಂದೇ ಡಬ್ಬಿಯಲ್ಲಿ ಕೆಲಸ ಮುಗಿಸೋಣ ಅಂತ ಬರೀ ದಪ್ಪದ್ದನ್ನು ಹೊಡೆಯುವವರಿದ್ದಾರೆ. ನಾನೂ ಒಮ್ಮೆ ಹೊಡೆದಿದ್ದೆ.

ಅದು ಮಳೆಗಾಲ. ವಿಮಾನ ಬೆಳಗ್ಗೆ ಹೊರಡಬೇಕು. ತಳ ಒರೆಸಿದೆವು, ನೋಡಲು ಒಣಗಿದಂತೆಯೇ ಇತ್ತು. ಬಿಸಿಗಾಳಿ ಬಿಟ್ಟು ಎರಡು ಗಂಟೆ ಕಾಯಬೇಕಿತ್ತು, ಕಾಯಲಿಲ್ಲ. ದಪ್ಪ ಎಣ್ಣೆ ಹೊಡೆದು ಹಲಗೆ ಮುಚ್ಚಿದೆವು. ಮುಂದಿನ ಚೆಕ್ಕಿನಲ್ಲಿ ಮೇಣದ ಪದರ ಹಾಗೇ ಚಿನ್ನದ ಬಣ್ಣದಲ್ಲಿ ಮಿನುಗುತ್ತಿತ್ತು. ಕೆರೆದು ನೋಡಿದರೆ ಅಡಿಯಲ್ಲಿ ಸಾಲಾಗಿ ಕುಳಿಗಳು. ನೀರು ಹೊರಗೆ ಬರದಂತೆ ನಾನೇ ಮುಚ್ಚಳ ಹಾಕಿದ್ದೆ. ನನ್ನ ಸಹಿ ಆ ಕೆಲಸದ ಕಾರ್ಡಿನ ಮೇಲೆ ಹಾಗೇ ಇತ್ತು. ಚೀಫ್ ಏನೂ ಬಯ್ಯಲಿಲ್ಲ. ಆ ಕಾರ್ಡನ್ನು ನನ್ನ ಮುಂದಿಟ್ಟು ಟೀ ಕುಡಿಯಲು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಎಣ್ಣೆ ಎಲ್ಲ ಕಡೆಗೂ ಅಲ್ಲ. ಆಕ್ಸಿಜನ್ ಪೈಪಿನ ಹತ್ತಿರ ಬೇಡ, ಬೆಂಕಿಯ ಭಯ. ಕಂಟ್ರೋಲ್ ಕೇಬಲ್, ರಬ್ಬರ್, ಶಾಖದ ಹೊದಿಕೆ, ಇವಕ್ಕೂ ಬೇಡ. ಧೂಳು ಹಿಡಿಯುತ್ತದೆ, ಮುಂದಿನ ಸಲ ಬಿರುಕು ನೋಡಬೇಕಾದರೆ ಅದನ್ನೆಲ್ಲ ತೊಳೆಯಬೇಕು. ಇಷ್ಟೆಲ್ಲ ತೊಂದರೆ ಇದ್ದರೂ, ಹಳೇ ವಿಮಾನಕ್ಕೆ ಖರ್ಚು ಮಾಡಿದ ರೂಪಾಯಿಗೆ ಇದರಷ್ಟು ಫಲ ಕೊಡುವುದು ಇನ್ನೊಂದಿಲ್ಲ. ಒಣಗಿದ ಮೇಲೆ ಮಾತ್ರ.

ಪ್ರೈಮರಿನ ಜಗಳ

ಹಸಿರು ಹಳದಿ ಪ್ರೈಮರ್ ನೋಡಿದ್ದರೆ ಅದು ಹೆಚ್ಚಾಗಿ ಕ್ರೋಮೇಟಿನದ್ದು, ಅಂದರೆ ಕ್ರೋಮಿಯಂ ಸೇರಿದ ಲವಣದ್ದು. ಗೀರು ಬಿದ್ದರೆ ಪಕ್ಕದ ಪ್ರೈಮರಿನಿಂದ ಕ್ರೋಮೇಟ್ ತೇವದಲ್ಲಿ ಕರಗಿ ಬಂದು ಗೀರನ್ನು ಕಾಯುತ್ತದೆ. ಅಷ್ಟು ಒಳ್ಳೆಯ ಗುಣ ಬೇರೆಯವಕ್ಕೆ ಸುಲಭದಲ್ಲಿ ಬರಲಿಲ್ಲ. ಆದರೆ ಅದರ ಧೂಳು ಕ್ಯಾನ್ಸರ್ ತರುತ್ತದೆ. ಯುರೋಪಿನಲ್ಲಿ 2019ರಿಂದ ಸ್ಟ್ರಾನ್ಶಿಯಂ ಕ್ರೋಮೇಟ್ ಬಳಸಲು ವಿಶೇಷ ಅನುಮತಿ ಬೇಕು. ಹೊರಮೈಗೆ ಕ್ರೋಮ್ ಇಲ್ಲದ ಪ್ರೈಮರ್ ಧಾರಾಳ ಸಾಕು ಅನ್ನುವುದು ನನ್ನ ಅನಿಸಿಕೆ. ಹೊರಮೈ ಕಣ್ಣಿಗೆ ಕಾಣುತ್ತದೆ, ಕೆಲವು ವರ್ಷಕ್ಕೊಮ್ಮೆ ಬಣ್ಣ ಕಿತ್ತು ಹೊಸದು ಬಳಿಯುತ್ತಾರೆ. ಹತ್ತು ವರ್ಷ ಯಾರೂ ನೋಡದ ಒಳಗಿನ ಜೋಡಣೆಗೆ, ರಿಪೇರಿಯ ಪುಸ್ತಕ ಒಪ್ಪಿದರೆ, ನಾನು ಇನ್ನೂ ಹಳೆಯದನ್ನೇ ಕೇಳುತ್ತೇನೆ. ಆದರೆ ಒಣ ಮರಳು ಕಾಗದ ಹಿಡಿದು, ಮಾಸ್ಕಿಲ್ಲದೆ ಅದನ್ನು ಉಜ್ಜುವ ಹುಡುಗರನ್ನು ನೋಡಿದರೆ ಸಿಟ್ಟು ಬರುತ್ತದೆ. ಒದ್ದೆ ಮಾಡಿ ಉಜ್ಜಿ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ.

ಬಣ್ಣವೇ ಬೇಡ, ಬೆಳ್ಳಿಯ ಹಾಗೆ ಪಾಲಿಶ್ ಮಾಡಿ ಬಿಡೋಣ ಅನ್ನುವ ಆಯ್ಕೆಯೂ ಇತ್ತು. ಅಮೆರಿಕನ್ ಏರ್‌ಲೈನ್ಸ್ 2013ರವರೆಗೆ ಹಾಗೇ ಓಡಿಸಿತು. ಪೇಂಟಿನ ಭಾರ ಉಳಿಯುತ್ತದೆ, ಮೈಯ ಮೇಲಿನ ಶುದ್ಧ ಅಲ್ಯೂಮಿನಿಯಮಿನ ತೆಳು ಪದರ ತಾನು ಸವೆದು ಒಳಗಿನದನ್ನು ಕಾಯುತ್ತದೆ. ಪಾಲಿಶ್ ಮಾಡಿದಷ್ಟೂ ಆ ಪದರ ಕರಗುತ್ತದೆ. ನಮ್ಮ ಕಡೆಯ ಗಾಳಿಗೆ ಇದು ಬೇಡವೇ ಬೇಡ.

ಕಣ್ಣು, ತಂತಿ, ಸದ್ದು

ತುಕ್ಕು ಹುಡುಕುವುದಕ್ಕೆ ಯಂತ್ರ ತರಿಸೋಣ ಅನ್ನುವ ಮೊದಲು ಒಳ್ಳೆಯ ಟಾರ್ಚು, ಕನ್ನಡಿ, ಮಂಡಿಗೆ ಒಂದು ದಿಂಬು ತಗೊಳ್ಳಿ. ಹ್ಯಾಂಗರಿನಲ್ಲಿ ಸಿಗುವ ತುಕ್ಕಿನ ಬಹುಪಾಲು ಕಣ್ಣಿಗೇ ಸಿಕ್ಕಿದ್ದು. ಟಾರ್ಚನ್ನು ನೇರ ಹಿಡಿಯಬೇಡಿ, ಓರೆಯಾಗಿ ಹಿಡಿಯಿರಿ. ಒಳಗೆ ತುಕ್ಕು ಬೆಳೆದರೆ ಲೋಹಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ರಿವೆಟ್‌ಗಳ ನಡುವೆ ತಗಡು ದಿಂಬಿನಂತೆ ಉಬ್ಬುತ್ತದೆ. ಓರೆ ಬೆಳಕಿನಲ್ಲಿ ಆ ಉಬ್ಬು ನೆರಳು ಬಿಡುತ್ತದೆ.

ಎರಡನೇ ಪದರದ ಹಿಂದೆ ಏನಿದೆ ಅಂತ ತಿಳಿಯಲು ಕಡಿಮೆ ಕಂಪನದ ಎಡ್ಡಿ ಕರೆಂಟ್ ಬೇಕು, ಅಂದರೆ ತಂತಿಸುರುಳಿಯಿಂದ ಲೋಹದೊಳಗೆ ಕರೆಂಟ್ ಹುಟ್ಟಿಸಿ ನೋಡುವ ತಪಾಸಣೆ. ಒಂದೇ ತಗಡಿನಲ್ಲಿ ಎಷ್ಟು ದಪ್ಪ ಉಳಿದಿದೆ ಅಂತ ಕೇಳುವುದಾದರೆ ಅಲ್ಟ್ರಾಸೌಂಡ್. ಅದರ ಸದ್ದು ಪದರಗಳ ನಡುವಿನ ಖಾಲಿ ಜಾಗವನ್ನು ದಾಟುವುದಿಲ್ಲ, ಅದಕ್ಕೇ ಎರಡೂ ಬೇಕಾಗುತ್ತವೆ. ಎಕ್ಸ್‌ರೇ ತೆಗೆಯಬೇಕಾದರೆ ಸುತ್ತಲಿನ ಜಾಗ ಖಾಲಿ ಮಾಡಿಸಬೇಕು, ಎಲ್ಲರ ಕೆಲಸ ನಿಲ್ಲುತ್ತದೆ. ಅದನ್ನು ಕೊನೆಗಿಡಿ.

ಉಜ್ಜುವುದು, ತೇಪೆ, ಬದಲಿ

ಹುಡುಗನ ನಿಜವಾದ ಪ್ರಶ್ನೆ ಇದು. ಉತ್ತರ ಅವನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಎಸ್‌ಆರ್‌ಎಂ, ಅಂದರೆ ರಿಪೇರಿಯ ದಪ್ಪ ಪುಸ್ತಕ, ಅದು ಹೇಳಬೇಕು. ಆದರೆ ಪುಸ್ತಕ ಕೇಳುವುದು ಒಂದು ಸಂಖ್ಯೆಯನ್ನು: ತುಕ್ಕನ್ನೆಲ್ಲ ತೆಗೆದ ಮೇಲೆ ಕುಳಿ ಎಷ್ಟು ಆಳ? ಆದ್ದರಿಂದ ಯಾವ ದಾರಿ ಹಿಡಿದರೂ ಮೊದಲ ಹೆಜ್ಜೆ ಉಜ್ಜುವುದೇ. ಪುಡಿ ಹೋದರೆ ಸಾಲದು, ಕಪ್ಪು ಚುಕ್ಕೆ ಒಂದೂ ಉಳಿಯಬಾರದು. ಕಬ್ಬಿಣದ ಬ್ರಶ್ಶು, ಸ್ಟೀಲ್ ನಾರು ಮುಟ್ಟಲೇಬಾರದು. ಅದರ ಚೂರು ಅಲ್ಯೂಮಿನಿಯಮಿನಲ್ಲಿ ಚುಚ್ಚಿಕೊಂಡು ಅಲ್ಲೇ ಹೊಸ ತುಕ್ಕು ಹುಟ್ಟುತ್ತದೆ. ನೈಲಾನ್ ಪ್ಯಾಡು ಹಿಡಿಯಿರಿ. ಗುಂಡಿಯ ಅಂಚನ್ನು ಬಾವಿಯಂತೆ ಬಿಡದೆ ತಟ್ಟೆಯಂತೆ ಇಳಿಜಾರು ಮಾಡಿ. ಆಮೇಲೆ ಡೆಪ್ತ್ ಗೇಜ್ ಇಡಿ.

ಮಿತಿಯೊಳಗೆ ಬಂದರೆ ಕೆಮಿಕಲ್ ಲೇಪ, ಪ್ರೈಮರ್, ಎಣ್ಣೆ. ಅದೇ ಎಲ್ಲಕ್ಕಿಂತ ಒಳ್ಳೆಯದು, ಒಂದು ಹೊಸ ತೂತೂ ಕೊರೆಯಬೇಕಾಗಿಲ್ಲ. ಮಿತಿ ದಾಟಿದರೆ ಡಬ್ಲರ್, ಅಂದರೆ ತೇಪೆ, ಇಲ್ಲವೇ ಆ ತುಂಡನ್ನೇ ಬದಲಿಸುವುದು. ತೇಪೆಗೆ ಹ್ಯಾಂಗರ್ ದಿನ ಕಡಿಮೆ. ಆದರೆ ತೇಪೆ ತನ್ನ ಅಡಿಯಲ್ಲಿರುವುದನ್ನು ಮುಚ್ಚಿಬಿಡುತ್ತದೆ. 2002ರ ಮೇ 25ರಂದು ಚೈನಾ ಏರ್‌ಲೈನ್ಸಿನ 747 ಒಡೆದು 225 ಜನ ಸತ್ತರು. ಒಡೆದದ್ದು, 1980ರಲ್ಲಿ ಬಾಲ ನೆಲಕ್ಕೆ ಉಜ್ಜಿದ್ದಕ್ಕೆ ಹಾಕಿದ ತೇಪೆಯ ಜಾಗದಲ್ಲಿ. ಅಡಿಯಲ್ಲಿ ಉಳಿಸಿದ್ದ ಗೀರುಗಳಿಂದ ಬಿರುಕು ಬೆಳೆದು, 22 ವರ್ಷದ ಮೇಲೆ ಬಾಯಿಬಿಟ್ಟಿತು. ಅದಕ್ಕೇ ನೀರು ಬೀಳುವ ಜಾಗವಾದರೆ, ಬೀಮಾಗಲಿ ಸೀಟ್ ಟ್ರ್ಯಾಕಾಗಲಿ, ನಾನು ಬದಲಿಯ ಕಡೆಗೇ ವಾಲುತ್ತೇನೆ. ಹಳೇ 7075-ಟಿ6, ಅಂದರೆ ಗಟ್ಟಿ ಹದದ ಅಲ್ಯೂಮಿನಿಯಂ ಮಿಶ್ರಲೋಹದ ತುಂಡು ತೆಗೆದರೆ, ತಯಾರಕರು ಒಪ್ಪಿದ್ದರೆ, ಅದೇ ಲೋಹದ ಟಿ73 ಹದದ್ದು ಹಾಕಬಹುದು. ಬಲ ಸ್ವಲ್ಪ ಕಡಿಮೆ, ಪತ್ರೊಡೆಯಂತೆ ಪದರ ಬಿಡುವ ಚಾಳಿ ಅದಕ್ಕಿಂತ ತುಂಬ ಕಡಿಮೆ. ಒಣ ಜಾಗದಲ್ಲಿ, ಕಣ್ಣಿಗೆ ಕಾಣುವ ಕಡೆ, ತೇಪೆಗೆ ನನ್ನ ತಕರಾರಿಲ್ಲ.

ನಿಲ್ಲಿಸುವುದಾದರೆ, ಬೇರೆ ತಗೊಳ್ಳುವುದಾದರೆ

ಹಾರಿಸದೆ ನಿಲ್ಲಿಸಿದರೆ ವಿಮಾನ ಉಳಿಯುತ್ತದೆ ಅಂದುಕೊಳ್ಳಬೇಡಿ. 2020ರಲ್ಲಿ ಕೊರೋನಾಕ್ಕೆ ನಿಲ್ಲಿಸಿದ 737ಗಳನ್ನು ಮತ್ತೆ ಹಾರಿಸುವಾಗ ಎಂಜಿನಿನ ಒಂದು ಏರ್ ವಾಲ್ವ್ ತುಕ್ಕಿಗೆ ಕಚ್ಚಿಕೊಂಡು ಎಂಜಿನ್ ಆಫ್ ಆದ ನಾಲ್ಕು ಪ್ರಕರಣ ಬಂದವು. ಜುಲೈಯಲ್ಲಿ ಅಮೆರಿಕ ತುರ್ತು ಆದೇಶ ಕೊಟ್ಟಿತು: ಏಳು ದಿನ ಸೇರಿ ಅದಕ್ಕಿಂತ ಜಾಸ್ತಿ ನಿಂತಿದ್ದರೆ ಆ ವಾಲ್ವ್ ನೋಡಿ. ಮಳೆಗಾಲದ ರಜೆ ಮುಗಿಸಿ ಬಂದು ಸ್ಕೂಟರ್ ಕಿಕ್ ಹೊಡೆದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ, ಅಲ್ವಾ? ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಅರಿಜೋನಾ, ಸ್ಪೇನಿನ ಟೆರುಯೆಲ್, ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್, ಹೀಗೆ ಒಣಗಾಳಿ ಇರುವ ಕಡೆ ಒಯ್ಯುತ್ತಾರೆ. ಕರಾವಳಿಯಲ್ಲಿ ಅಲ್ಲ.

ಹೊಸ 787ರ ತೂಕದಲ್ಲಿ ಅರ್ಧದಷ್ಟು ಕಾರ್ಬನ್ ನಾರಿನದ್ದು, ಅದಕ್ಕೆ ತುಕ್ಕಿಲ್ಲ. ಕ್ಯಾಬಿನ್ನಿನಲ್ಲಿ ತೇವ ಸ್ವಲ್ಪ ಜಾಸ್ತಿ ಇಡಲು ಧೈರ್ಯ ಬಂದದ್ದೂ ಅದರಿಂದಲೇ. ಆದರೆ ಕಾರ್ಬನ್ನಿಗೆ ಅಲ್ಯೂಮಿನಿಯಂ ನೇರ ತಾಗಿ ಒದ್ದೆಯಾದರೆ ಅಲ್ಯೂಮಿನಿಯಂ ಕರಗುತ್ತದೆ. ನಡುವೆ ಗಾಜಿನ ನಾರಿನ ಪದರವೋ ಟೈಟಾನಿಯಂ ಬೋಲ್ಟೋ ಇರಲೇಬೇಕು. ತೂಕದ ಉಳಿದ ಅರ್ಧದಲ್ಲಿ ಬಹುಪಾಲು ಇನ್ನೂ ಲೋಹವೇ ತಾನೆ.

ಇಷ್ಟು ಬರೆದು ಕಳಿಸಿದೆ. ಕೊನೆಗೆ ಒಂದು ಪ್ರಶ್ನೆ ಹಾಕಿದೆ: "ಬೀಮಿನ ವಿಷಯ ಇರಲಿ ಮಾರಾಯ, ನೀರು ಎಲ್ಲಿಂದ ಬಂತು?"

ಎರಡು ದಿನ ಉತ್ತರ ಇಲ್ಲ. ನಿನ್ನೆ ರಾತ್ರಿ ಮೂರು ಫೋಟೊ ಬಂದವು. ಮೊದಲನೆಯದರಲ್ಲಿ ಉಜ್ಜಿ ತೆಗೆದ ಬೀಮು, ಅದರ ಮೇಲೆ ಗೇಜು. ಒಂದು ಕಡೆ ಮಿತಿ ದಾಟಿದೆ, ಎರಡನೇ ಮಟ್ಟ. ಬದಲಿಸುತ್ತಾರಂತೆ. ಎರಡನೆಯದರಲ್ಲಿ ಬೀಮಿನ ಸರಿ ಮೇಲೆ ಕೂರುತ್ತಿದ್ದ ನೆಲದ ಹಲಗೆಯ ಅಂಚು. ಹಲಗೆಗಳ ಸಂದಿಗೆ ಅಂಟಿಸುವ ಟೇಪು ಒಂದು ಗೇಣು ಉದ್ದಕ್ಕೆ ಎದ್ದಿದೆ, ಕೆಳಗೆಲ್ಲ ಕಂದು ಕಲೆ. ಮೂರನೆಯದರಲ್ಲಿ ಗ್ಯಾಲಿಯ ಸಿಂಕಿನ ಹಿಂದಿನ ಡ್ರೇನ್ ಪೈಪು, ಅದರ ಕ್ಲಾಂಪು. ಕೆಳಗೆ ಬರೆದಿದ್ದ: "ಮಾವ, ಬೆರಳಲ್ಲೇ ತಿರುಗುತ್ತದೆ."